ಸದ್ದು ಮಾಡದ ವಿದ್ಯುತ್ ಪೆಟ್ಟಿಗೆ

ಗೋಕಾಕ ಜಲಪಾತವನ್ನು ಮಳೆಗಾಲದಲ್ಲಿ ಕಂಡವರಿಗೆ ಗೊತ್ತು: ಘಟಪ್ರಭೆ ಸುಮಾರು 52 ಮೀಟರು ಎತ್ತರದಿಂದ ಧುಮುಕುವಾಗ ಪಕ್ಕದಲ್ಲಿ ನಿಂತವರ ಮಾತು ಕೂಡ ಕೇಳಿಸುವುದಿಲ್ಲ. ಆ ನೀರಿನ ಬಲದಿಂದಲೇ 1887ರಲ್ಲಿ ಅಲ್ಲಿಯ ನೂಲಿನ ಗಿರಣಿಯ ಚಕ್ರಗಳು ತಿರುಗತೊಡಗಿದವು. ಶಕ್ತಿ ಇದ್ದಲ್ಲಿ ಸದ್ದು ಇದ್ದೇ ಇರಬೇಕೆಂಬ ಭಾವನೆ ನಮ್ಮಲ್ಲಿ ಬೇರೂರಿದ್ದು ಇಂಥ ದೃಶ್ಯಗಳಿಂದಲೇ ಇರಬೇಕು. ಗಿರಣಿಗೆ ಸದ್ದು ಅಡ್ಡಿಯಲ್ಲ. ಆದರೆ ಮನೆಯ ಕೋಣೆಯಲ್ಲಿರುವ ಗಣಕಯಂತ್ರಕ್ಕೆ ಅದು ಎಷ್ಟು ದೊಡ್ಡ ಅಡ್ಡಿಯಾಗಬಲ್ಲುದೆಂಬುದನ್ನು ನಾನು ಅರಿತದ್ದು ಒಂದು ನಷ್ಟದ ಮೂಲಕ.

ಮೂಡಲಗಿಯಲ್ಲಿರುವ ನನ್ನ ಸೋದರಳಿಯ ಶಾಲೆಯ ಮಾಸ್ತರ. ಬಿಡಿಭಾಗಗಳನ್ನು ಗೋಕಾಕದಿಂದ ತಂದು ತಾನೇ ಒಂದು ಗಣಕಯಂತ್ರವನ್ನು ಜೋಡಿಸಿಕೊಂಡಿದ್ದ. ಮೂಡಲಗಿ ತಾಲೂಕಿನ ಕುಲಗೋಡ, ಶ್ರೀಕೃಷ್ಣ ಪಾರಿಜಾತದ ಬಯಲಾಟಕ್ಕೆ ಜನಪ್ರಿಯ ರೂಪ ಕೊಟ್ಟ ತಮ್ಮಣ್ಣನವರ ಊರು. ಆ ಆಟದ ಹಾಡುಗಳನ್ನು ಬಾಯಿಪಾಠವಾಗಿ ಬಲ್ಲ, ಎಂಬತ್ತು ದಾಟಿದ ಹಿರಿಯ ಕಲಾವಿದೆಯೊಬ್ಬರನ್ನು ಅವನು ಮನೆಗೆ ಕರೆತಂದು ಹಾಡಿಸಿದ. ಎರಡು ತಾಸು ನಡೆದ ಹಾಡಿಕೆಯ ಕೊನೆಯಲ್ಲಿ, ಸತ್ಯಭಾಮೆಯ ಒಂದು ಹಾಡು ಮುಗಿಯುವಷ್ಟರಲ್ಲಿ, ಕರೆಂಟು ಹೋಯಿತು. ಆ ಹಾಡು ಉಳಿಯಲಿಲ್ಲ. ಉಳಿದವುಗಳನ್ನು ರಾತ್ರಿ ಕೇಳಿಸಿದಾಗ ಅವನ ಮುಖ ಬಾಡಿತು. “ಮಾಮಾ, ಅಜ್ಜಿ ದನಿ ಹಿಂದ ಒಂದಽ ಸವನ ಗುಂಯ್ ಅಂತೈತಿ ನೋಡ್ರಿ,” ಎಂದ. ಅದು ಗಣಕಯಂತ್ರದ ಹೊಟ್ಟೆಯಲ್ಲಿದ್ದ ವಿದ್ಯುತ್ ಪೆಟ್ಟಿಗೆಯ ಸದ್ದು.

ಅಂಗಡಿಯವರು ಎಸ್‌ಎಂಪಿಎಸ್ ಎಂದು ಕರೆಯುವ ಈ ಪೆಟ್ಟಿಗೆಯ ಕೆಲಸ ಸರಳವಾದುದು, ಆದರೆ ಹೊಣೆಯದು. ಗೋಡೆಯ ಪ್ಲಗ್ಗಿನಲ್ಲಿ ಬರುವ 230 ವೋಲ್ಟಿನ, ಸೆಕೆಂಡಿಗೆ 50 ಆವರ್ತನಗಳ ವಿದ್ಯುತ್ತನ್ನು ಅದು 12, 5 ಮತ್ತು 3.3 ವೋಲ್ಟಿನ ಏಕಮುಖ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಜಲಪಾತಕ್ಕೆ ಬಾಯೊಡ್ಡಿ ನೀರು ಕುಡಿಯಲಾಗದು; ಅದಕ್ಕೆ ನಳ ಬೇಕು. ಈ ಪೆಟ್ಟಿಗೆ ಅಂಥ ನಳ. ಆದರೆ ಪ್ರತಿ ನಳವೂ ಒಂದಿಷ್ಟು ಸೋರುತ್ತದೆ. ಇಲ್ಲಿ ಸೋರುವುದು ಶಾಖ.

ಒಂದು ಲೆಕ್ಕ ನೋಡೋಣ. ಯಂತ್ರಕ್ಕೆ 200 ವಾಟ್ ಬೇಕು ಎನ್ನಿ. ನೂರಕ್ಕೆ 70ರಷ್ಟು ದಕ್ಷತೆಯ ಅಗ್ಗದ ಪೆಟ್ಟಿಗೆ ಗೋಡೆಯಿಂದ ಸುಮಾರು 286 ವಾಟ್ ಎಳೆದು, 86 ವಾಟನ್ನು ಶಾಖವಾಗಿ ಕಳೆಯುತ್ತದೆ. ನೂರಕ್ಕೆ 90ರಷ್ಟು ದಕ್ಷತೆಯದು ಕಳೆಯುವುದು ಸುಮಾರು 22 ವಾಟ್ ಮಾತ್ರ. ಆ ಶಾಖವನ್ನು ಹೊರಹಾಕಲೆಂದೇ ಪೆಟ್ಟಿಗೆಯೊಳಗೊಂದು ಪಂಖ ಇರುತ್ತದೆ. ಶಾಖ ನಾಲ್ಕು ಪಾಲಿನಲ್ಲಿ ಒಂದು ಪಾಲಾದರೆ ಪಂಖ ರಭಸದಿಂದ ತಿರುಗಬೇಕಾದ ಕಾರಣವೇ ಉಳಿಯುವುದಿಲ್ಲ. ಪಂಖದ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆಂಬುದು ಎಂಜಿನಿಯರರ ಲೆಕ್ಕ. ಹಾಗೆಯೇ 80 ಮಿಲಿಮೀಟರಿನ ಚಿಕ್ಕ ಪಂಖಕ್ಕಿಂತ 120 ಮಿಲಿಮೀಟರಿನ ದೊಡ್ಡ ಪಂಖ ಲೇಸು: ಅದು ಮೆಲ್ಲಗೆ ತಿರುಗಿಯೂ ಅಷ್ಟೇ ಗಾಳಿಯನ್ನು ಸಾಗಿಸುತ್ತದೆ.

ಶಾಖಕ್ಕೂ ಬಾಳಿಕೆಗೂ ಇನ್ನೊಂದು ನಂಟಿದೆ. ಪೆಟ್ಟಿಗೆಯೊಳಗಿನ ಕೆಪಾಸಿಟರುಗಳಲ್ಲಿ ದ್ರವವೊಂದು ಇರುತ್ತದೆ; ಶಾಖಕ್ಕೆ ಅದು ಬರಬರುತ್ತಾ ಒಣಗುತ್ತದೆ. ಹತ್ತು ಡಿಗ್ರಿ ಶಾಖ ಕಡಿಮೆಯಾದರೆ ಅವುಗಳ ಆಯುಷ್ಯ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಆದುದರಿಂದ 85 ಡಿಗ್ರಿಯ ಕೆಪಾಸಿಟರುಗಳಿರುವ ಪೆಟ್ಟಿಗೆಗಿಂತ 105 ಡಿಗ್ರಿಯವು ಇರುವ ಪೆಟ್ಟಿಗೆಯನ್ನೇ ಆರಿಸಬೇಕು. ಹೀಗೆ ನೋಡಿದರೆ ಮೌನ, ಮಿತವ್ಯಯ, ಬಾಳಿಕೆ ಇವು ಮೂರು ಬೇರೆ ಬೇರೆ ಗುಣಗಳಲ್ಲ. ತಂಪಾಗಿರುವ ಪೆಟ್ಟಿಗೆಯಲ್ಲಿ ಮೂರೂ ಕೂಡಿಬರುತ್ತವೆ.

ಕೊಳ್ಳುವವರು ಹಾಗಾದರೆ ಏನನ್ನು ನೋಡಬೇಕು? ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ವಾಟುಗಳನ್ನಲ್ಲ. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಸಾಲಿಗೆ ಎಷ್ಟು ಆಂಪಿಯರ್ ಎಂದು ಬರೆದಿದೆ ನೋಡಿರಿ. ಈಗಿನ ಯಂತ್ರಗಳ ಹೆಚ್ಚಿನ ಹೊರೆ ಆ ಸಾಲಿನ ಮೇಲೆಯೇ. 12ನ್ನು ಆಂಪಿಯರಿನಿಂದ ಗುಣಿಸಿದರೆ ನಿಜವಾದ ಬಲ ತಿಳಿಯುತ್ತದೆ. 30 ಆಂಪಿಯರ್ ಇದ್ದರೆ 360 ವಾಟ್. ಹೊರಗೆ 500 ಎಂದು ಬರೆದು ಒಳಗೆ 15 ಆಂಪಿಯರ್ ಎಂದಿದ್ದರೆ ಅಂಥದನ್ನು ಅಂಗಡಿಯಲ್ಲೇ ಬಿಟ್ಟುಬರುವುದು ಕ್ಷೇಮ. 2004ರಿಂದ ‘80 ಪ್ಲಸ್’ ಎಂಬ ದಕ್ಷತೆಯ ಮುದ್ರೆ ರೂಢಿಗೆ ಬಂದಿದೆ. ಅದರಲ್ಲಿ ಈಗ ಕಂಚು, ಬೆಳ್ಳಿ, ಚಿನ್ನ ಮುಂತಾದ ದರ್ಜೆಗಳುಂಟು. ಆದರೆ ಆ ಪರೀಕ್ಷೆಯಲ್ಲಿ ಸದ್ದನ್ನು ಅಳೆಯುವುದಿಲ್ಲ; ಅದು ನಡೆಯುವ ಕೋಣೆಯೂ ಸುಮಾರು 23 ಡಿಗ್ರಿಯ ತಂಪಿನದು. ನಮ್ಮ ಸೀಮೆಯ ಚೈತ್ರ ವೈಶಾಖಗಳು ಹಾಗಿರುವುದಿಲ್ಲ. ಆದುದರಿಂದ ಯಂತ್ರಕ್ಕೆ 250 ವಾಟ್ ಬೇಕಿದ್ದರೆ 500ರ ಆಸುಪಾಸಿನ ಒಳ್ಳೆಯ ಪೆಟ್ಟಿಗೆ ಸರಿಯಾದುದು. ಅರ್ಧ ಹೊರೆಯಲ್ಲಿ ಅದು ದಕ್ಷವಾಗಿಯೂ ಮೆತ್ತಗೂ ನಡೆಯುತ್ತದೆ. ಪಂಖವೇ ಇಲ್ಲದ ಪೆಟ್ಟಿಗೆಗಳೂ ಸಿಗುತ್ತವೆ. ಬಿರುಬೇಸಗೆಯ ಊರುಗಳಿಗೆ ನಾನು ಅವನ್ನು ಸೂಚಿಸಲಾರೆ.

ಇನ್ನು ಕರೆಂಟಿನ ಮಾತು. ಘಟಪ್ರಭೆಯ ಕಾಲುವೆಯ ಸೀಮೆಯಲ್ಲಿ ಕಬ್ಬಿಗೆ ನೀರುಣಿಸುವ ಪಂಪುಸೆಟ್ಟುಗಳು ಒಮ್ಮೆಲೇ ಓಡತೊಡಗಿದರೆ ಮನೆಯ ದೀಪ ಮಂಕಾಗುತ್ತದೆ. 100ರಿಂದ 240 ವೋಲ್ಟಿನವರೆಗೆ ನಡೆಯಬಲ್ಲುದೆಂದು ಬರೆದಿರುವ ಪೆಟ್ಟಿಗೆಗೆ ಇದು ತೊಂದರೆಯಲ್ಲ. ಕರೆಂಟು ಪೂರ್ತಿ ನಿಂತರೆ ಒಳ್ಳೆಯ ಪೆಟ್ಟಿಗೆ ಸುಮಾರು 16 ಮಿಲಿಸೆಕೆಂಡುಗಳ ಕಾಲ, ಎಂದರೆ ವಿದ್ಯುತ್ತಿನ ಒಂದು ಆವರ್ತನಕ್ಕಿಂತಲೂ ಕಡಿಮೆ ಹೊತ್ತು, ಯಂತ್ರವನ್ನು ಹಿಡಿದು ನಿಲ್ಲಿಸುತ್ತದೆ. ಅಷ್ಟರೊಳಗೆ ಯುಪಿಎಸ್ ಅಥವಾ ಇನ್ವರ್ಟರು ಹೊಣೆ ಹೊರಬೇಕು. ಇನ್ವರ್ಟರಿನ ಗುಂಡಿಯನ್ನು ಯುಪಿಎಸ್ ಕಡೆಗೆ ತಿರುಗಿಸಿರದಿದ್ದರೆ ಅದು ತಡಮಾಡಿ ಏಳುತ್ತದೆ; ದೀಪಕ್ಕೆ ಅದು ತಿಳಿಯದು, ಗಣಕಯಂತ್ರ ಆರಿಹೋಗುತ್ತದೆ. ಈಗಿನ ಒಳ್ಳೆಯ ಪೆಟ್ಟಿಗೆಗಳಿಗೆ ಶುದ್ಧ ಸೈನ್ ಅಲೆಯ ಇನ್ವರ್ಟರೇ ಒಗ್ಗುತ್ತದೆ. ಚೌಕ ಅಲೆಯದಾದರೆ ಕೆಲವು ಮುನಿದು ನಿಂತುಬಿಡುತ್ತವೆ.

ಕೊನೆಯದಾಗಿ ಅರ್ಥಿಂಗು. ನೆಲದ ತಂತಿ ಸರಿಯಿಲ್ಲದ ಮನೆಯಲ್ಲಿ ಯಂತ್ರದ ತಗಡನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಧ್ವನಿಮುದ್ರಣದಲ್ಲೂ ಝೇಂಕಾರವೊಂದು ಸೇರಿಕೊಳ್ಳಬಹುದು. ಬೇಸಗೆಯಲ್ಲಿ ಅರ್ಥಿಂಗಿನ ಗುಂಡಿಗೆ ನೀರು ಹಾಕುವ ಹಿರಿಯರ ರೂಢಿ ಮೂಢನಂಬಿಕೆಯಲ್ಲ. ಒಣಗಿದ ಮಣ್ಣು ವಿದ್ಯುತ್ತನ್ನು ಸಾಗಿಸದು. ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು: ಧೂಳು ತೆಗೆಯಲೆಂದು ಈ ಪೆಟ್ಟಿಗೆಯನ್ನು ಯಾರೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಮಿಕ್ಕ ವಿದ್ಯುತ್ತು ಕೆಲಹೊತ್ತು ಉಳಿದಿರಬಹುದು. ಧೂಳನ್ನು ಹೊರಗಿನಿಂದಲೇ ಊದಿ ತೆಗೆಯಬೇಕು.

ನನ್ನ ಅಳಿಯ ಇವನ್ನೆಲ್ಲ ಒಂದೊಂದಾಗಿ ಸರಿಪಡಿಸಿದ. ಗೋಕಾಕಕ್ಕೆ ಮತ್ತೆ ಹೋಗಿ, ಚೀಟಿಯನ್ನು ಓದಿ, ಚಿನ್ನದ ದರ್ಜೆಯ ಪೆಟ್ಟಿಗೆಯೊಂದನ್ನು ತಂದ. ಮೊದಲಿನದಕ್ಕೆ ಕೊಟ್ಟುದರ ಮೂರು ಪಟ್ಟು ಹಣ ಹೋಯಿತು. ಅಷ್ಟರಲ್ಲಿ ಆ ಹಿರಿಯ ಕಲಾವಿದೆ ಹುಕ್ಕೇರಿಯ ಮಗಳ ಮನೆಗೆ ಹೋಗಿದ್ದರು. ಯಂತ್ರವನ್ನು ಅಲ್ಲಿಗೇ ಒಯ್ದೆವು. ಹುಕ್ಕೇರಿ 1969ರಲ್ಲಿಯೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿಕೊಂಡ ತಾಲೂಕು. ಹಳ್ಳಿಯ ದೀಪದ ಹೊಣೆಯನ್ನು ಬಳಕೆದಾರರೇ ಸದಸ್ಯರಾಗಿ ಹೊತ್ತ ನೆಲ. ಆ ದಿನ ನಡುವೆ ಒಮ್ಮೆ ದೀಪ ಮಿಣುಕಿತು. ಯಂತ್ರ ಕದಲಲಿಲ್ಲ. ಅಜ್ಜಿಯ ಉಸಿರು, ಹಾರ್ಮೋನಿಯಂ ತಿದಿಯ ಸಪ್ಪಳ ಕೂಡ ಸ್ವಚ್ಛವಾಗಿ ಮೂಡಿಬಂದವು.

ಆದರೆ ಮೊದಲ ದಿನ ಕಳೆದುಹೋದ ಸತ್ಯಭಾಮೆಯ ಹಾಡನ್ನು ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ಮೊದಲ ಎರಡು ಸಾಲು ಹೇಳಿ, “ಮುಂದಿಂದು ನೆನಪ ಹಾರೈತೆಪಾ ತಮ್ಮಾ” ಎಂದರು. ಅಗ್ಗದ ಪೆಟ್ಟಿಗೆಯಿಂದ ಉಳಿದ ಹಣವೆಷ್ಟು ಎಂದು ಅಳಿಯ ಆಮೇಲೆ ಎಂದೂ ಲೆಕ್ಕ ಹಾಕಲಿಲ್ಲ. ಆ ಎರಡು ಸಾಲುಗಳನ್ನು ಮಾತ್ರ ಅವನು ಬೇರೆಯಾಗಿ ಕಾಯ್ದಿಟ್ಟಿದ್ದಾನೆ. ಅವುಗಳ ಹಿಂದೆ ಯಾವ ಸದ್ದೂ ಇಲ್ಲ.