ಅಪ್ಪ ಬರುವ ರೈಲು

ನಮ್ಮ ಮನೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ದೀಪ ಹತ್ತುತ್ತದೆ. ಮೊದಲು ಸೊಸೆ ಏಳುತ್ತಾಳೆ, ಆಮೇಲೆ ಮಗ, ಆಮೇಲೆ ಯಾರೂ ಕರೆಯದಿದ್ದರೂ ನಾನು. ಎಪ್ಪತ್ತು ದಾಟಿದವರಿಗೆ ನಿದ್ದೆ ಎಂದರೆ ಹಳೆಯ ಸಾಲಗಾರನಿದ್ದ ಹಾಗೆ, ಬರುತ್ತೇನೆಂದು ಹೇಳಿ ಬರುವುದಿಲ್ಲ. ನಾಲ್ಕೂಮುಕ್ಕಾಲಿಗೆ ಮಗ ಬೈಕು ಹೊರಗೆ ತೆಗೆಯುತ್ತಾನೆ. ಮಗಳಿಗೆ ಎಚ್ಚರವಾದೀತೆಂದು ಅಂಗಳದಲ್ಲಿ ಸ್ಟಾರ್ಟ್ ಮಾಡುವುದಿಲ್ಲ, ದಣಪೆ ದಾಟುವವರೆಗೂ ನೂಕಿಕೊಂಡೇ ಹೋಗುತ್ತಾನೆ.

ನಮ್ಮದು ಅಂಕೋಲಾ ಪೇಟೆಗೆ ಅಂಟಿಕೊಂಡೇ ಇರುವ ಬೊಬ್ರುವಾಡ. ಮಗನ ಕೆಲಸ ಗೋವಾದ ವೆರ್ಣಾ ಕೈಗಾರಿಕಾ ವಸಾಹತಿನ ಒಂದು ಔಷಧಿ ಕಾರ್ಖಾನೆಯಲ್ಲಿ. ಮೂವತ್ತು ಚಿಲ್ಲರೆ ಕಿಲೋಮೀಟರು ಬೈಕಿನಲ್ಲಿ ಹೋಗಿ ಕಾರವಾರ ಸ್ಟೇಷನ್ ಮುಟ್ಟಿ, ಅಲ್ಲಿ ಬೆಳಗಿನ ಕಾರವಾರ–ಪೆರ್ನೆಮ್ ರೈಲು ಹಿಡಿಯುತ್ತಾನೆ. ಕಾಳಿ ನದಿ, ಅಸ್ನೋಟಿ, ಲೋಲಿಯಂ, ಕಾಣಕೋಣ, ಬಾಳ್ಳಿ, ಮಡಗಾಂವ ದಾಟಿದ ಮೇಲೆ ವೆರ್ಣಾ. ಕಾರ್ಖಾನೆಯ ಗೇಟು ಮುಟ್ಟುವಾಗ ಏಳೂವರೆ. ರಾತ್ರಿ ಮನೆಗೆ ಬರುವಾಗ ಎಂಟೂಮುಕ್ಕಾಲು.

"ಅಜ್ಜಾ, ಅಂಕೋಲೆಯಲ್ಲೇ ಸ್ಟೇಷನ್ ಇದೆಯಲ್ಲ, ಅಪ್ಪ ಕಾರವಾರಕ್ಕೆ ಬೈಕಿನಲ್ಲಿ ಯಾಕೆ ಹೋಗಬೇಕು?" ಏಳನೇ ತರಗತಿಯ ಮೊಮ್ಮಗಳ ಪ್ರಶ್ನೆ ಇದು. ಪ್ರಶ್ನೆ ನ್ಯಾಯವಾದದ್ದೇ. ಸ್ಟೇಷನ್ ಇದ್ದರೆ ಸಾಲದು, ರೈಲು ಕೆಲಸದ ಹೊತ್ತಿಗೆ ಬರಬೇಕು. ಮಂಗಳೂರಿನಿಂದ ಮಡಗಾಂವಿಗೆ ಹೋಗುವ ಹಗಲಿನ ರೈಲು ಬೆಳಿಗ್ಗೆ ಮಂಗಳೂರು ಬಿಟ್ಟು, ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ ಎಲ್ಲ ಮುಗಿಸಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಗೋವಾದ ಕಾರ್ಖಾನೆಗಳಲ್ಲಿ ಅರ್ಧ ಪಾಳಿ ಮುಗಿದಿರುತ್ತದೆ. ದುಡಿಯುವವರ ರೈಲು ಹೊರಡುವುದು ಕಾರವಾರದಿಂದ. ಅದೊಂದು ರೈಲು ಅಂಕೋಲೆಯಿಂದಲೋ ಕುಮಟೆಯಿಂದಲೋ ಹೊರಟರೆ ಎಷ್ಟು ಬೈಕುಗಳು ಮನೆಯಲ್ಲೇ ಉಳಿದಾವು ಎಂದು ನಾನು ಆಗಾಗ ಲೆಕ್ಕ ಹಾಕುತ್ತೇನೆ. ಮಳೆಗಾಲದ ಕತ್ತಲಲ್ಲಿ ಹೆದ್ದಾರಿಗೆ ಹೋದ ಮಗ 'ಮುಟ್ಟಿದೆ' ಎಂದು ಮೆಸೇಜ್ ಹಾಕುವವರೆಗೆ ನನ್ನ ಚಹಾ ಆರಿಹೋಗಿರುತ್ತದೆ.

ಗೋವಾದಲ್ಲೇ ಒಂದು ಖೋಲಿ ಮಾಡಿಕೊಂಡಿರಬಾರದೇ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಕೊಡಬೇಕಾದವನು ಮಗನಲ್ಲ, ನಾನು.

1979ರಲ್ಲಿ ನಮ್ಮ ಬ್ಯಾಂಕಿನವರು ನನ್ನನ್ನು ಮಡಗಾಂವ ಶಾಖೆಗೆ ಹಾಕಿದರು. ಆಗ ಈ ಕರಾವಳಿಗೆ ರೈಲಿಲ್ಲ. ಕಾರವಾರದಲ್ಲಿ ಕಾಳಿ ನದಿಗೆ ಸೇತುವೆಯೂ ಇಲ್ಲ. ಬಸ್ಸಿನಲ್ಲಿ ಕೋಡಿಬಾಗಕ್ಕೆ ಬಂದು, ನದಿಯನ್ನು ಫೆರಿಯಲ್ಲಿ ದಾಟಿ, ಸದಾಶಿವಗಡದಲ್ಲಿ ಮತ್ತೊಂದು ಬಸ್ಸು ಹಿಡಿಯಬೇಕು. ದಿನಾ ಓಡಾಡುವ ಮಾತೇ ಇರಲಿಲ್ಲ. ಖೋಲಿ ಮಾಡಿದೆ. ಶನಿವಾರ ಬ್ಯಾಂಕು ಅರ್ಧ ದಿನ. ಎಲ್ಲ ಸರಿಯಾಗಿ ನಡೆದರೆ ಹದಿನೈದು ದಿನಕ್ಕೊಮ್ಮೆ ಮನೆ. ಡಿಸೆಂಬರ್ ತಿಂಗಳಲ್ಲಿ, ಅಂದರೆ ಲೆಕ್ಕ ಮುಗಿಸುವ ಕಾಲದಲ್ಲಿ, ಅದೂ ಇಲ್ಲ.

ಅಂಥದೊಂದು ಡಿಸೆಂಬರ್ ಕಳೆದು ಜನವರಿಯಲ್ಲಿ ಊರಿಗೆ ಬಂದೆ. ಮಗನಿಗೆ ಎರಡು ವರ್ಷ ತುಂಬಿರಲಿಲ್ಲ. ಜಗಲಿಯಲ್ಲಿ ಆಡುತ್ತಿದ್ದವನು ನನ್ನನ್ನು ನೋಡಿ ಎದ್ದು ಒಳಗೆ ಓಡಿದ. "ಆಯೀ, ಯಾರೋ ಬಂದ್ರು" ಅಂದ. ಒಳಗಿನಿಂದ ಬಂದ ನನ್ನ ಹೆಂಡತಿ ನಗುತ್ತಲೇ ಇದ್ದಳು, ನಾನೂ ನಕ್ಕೆ. ಚೀಲದಲ್ಲಿದ್ದ ಆಟಿಕೆ ಬಸ್ಸು ಕೊಟ್ಟ ಮೇಲೆ ಹತ್ತಿರ ಬಂದ. ಆ ಮಾತನ್ನು ಮಾತ್ರ ನಾನು ಯಾವ ಖಾತೆಯಿಂದಲೂ ತೆಗೆದುಹಾಕಲು ಆಗಲಿಲ್ಲ. ಮಗನಿಗೆ ಅದು ನೆನಪಿಲ್ಲ, ಆದರೆ ಅವನ ಆಯಿ ಹೇಳಿ ಹೇಳಿ ಅವನಿಗೂ ಬಾಯಿಪಾಠವಾಗಿದೆ. ಅವನು ಖೋಲಿ ಮಾಡದಿರಲು ಅದೂ ಒಂದು ಕಾರಣವಿದ್ದೀತು. ನಾನು ಕೇಳಿಲ್ಲ.

ಕೊಂಕಣ ರೈಲು ಬಂದದ್ದು ನಾನು ತಿರುಗಿ ಊರಿನ ಕಡೆಗೆ ವರ್ಗವಾದ ಮೇಲೆ. ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರಲ್ಲಿ. ಆಗ ರೈಲ್ವೆ ಮಂತ್ರಿಯಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್, ಕಟ್ಟಿದ ಎಂಜಿನಿಯರುಗಳ ಮುಂದಾಳು ಇ. ಶ್ರೀಧರನ್. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರು. ಮಕ್ಕಳೇ, ಇದರಲ್ಲಿ 91 ಸುರಂಗಗಳಿವೆ, ಸಣ್ಣದು ದೊಡ್ಡದು ಸೇರಿ ಸುಮಾರು ಎರಡು ಸಾವಿರ ಸೇತುವೆಗಳಿವೆ. ಎಲ್ಲಕ್ಕಿಂತ ಉದ್ದದ ಸೇತುವೆ ನಮ್ಮ ಜಿಲ್ಲೆಯ ಹೊನ್ನಾವರದಲ್ಲಿ ಶರಾವತಿಯ ಮೇಲಿದೆ, ಎರಡು ಕಿಲೋಮೀಟರಿಗೂ ಹೆಚ್ಚು. 1998ರ ಜನವರಿ 26ರಂದು ಇಡೀ ಮಾರ್ಗ ದೇಶಕ್ಕೆ ಅರ್ಪಣೆಯಾಯಿತು. ಮುಂಬಯಿ ಹತ್ತಿರವಾಯಿತೆಂದು ಊರೆಲ್ಲ ಹಿಗ್ಗಿತು. ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬಂದು ಉಣ್ಣುವಷ್ಟು ಗೋವಾ ಹತ್ತಿರವಾದದ್ದು ಅಷ್ಟು ಸುದ್ದಿಯಾಗಲಿಲ್ಲ.

ಈ ಮಾರ್ಗ ಬಹುಪಾಲು ಒಂಟಿ ಹಳಿಯದು. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಒಂದು ಸ್ಟೇಷನ್ನಿನಲ್ಲಿ ಪಕ್ಕಕ್ಕೆ ನಿಂತು ಕಾಯಬೇಕು. ಅದಕ್ಕೆ 'ಕ್ರಾಸಿಂಗ್' ಎನ್ನುತ್ತಾರೆ. ರಾಜಧಾನಿಗೆ ದಾರಿ ಬಿಡಲು ಬಡವರ ಗಾಡಿ ನಿಲ್ಲುವುದು ಹೊಸದೇನಲ್ಲ ಬಿಡಿ. ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ. ಗುಡ್ಡದ ಮಣ್ಣು, ಕಲ್ಲು ಹಳಿಗೆ ಬಿದ್ದೀತೆಂದು ವೇಗ ಇಳಿಸುತ್ತಾರೆ, ಗಸ್ತು ಹಾಕಿಸುತ್ತಾರೆ. ಮಗ ಮನೆ ಮುಟ್ಟುವ ಹೊತ್ತೂ ಆಗ ಹಿಂದೆ ಸರಿಯುತ್ತದೆ. ಗಂಜಿಯನ್ನು ಎರಡು ಸಲ ಬಿಸಿ ಮಾಡಬೇಕು.

ಮೊಮ್ಮಗಳು ಒಂದು ದಿನ ನನ್ನ ಲೆಕ್ಕದ ಪುಸ್ತಕ ತಂದಳು. ಅಪ್ಪನಿಗೆ ಹೋಗಲು ಎರಡೂಮುಕ್ಕಾಲು ಗಂಟೆ, ಬರಲು ಅಷ್ಟೇ, ಒಟ್ಟು ಐದೂವರೆ. ತಿಂಗಳಿಗೆ 25 ದಿನ. ಗುಣಿಸಿದರೆ 137 ಗಂಟೆ 30 ನಿಮಿಷ. ಅದನ್ನು 24ರಿಂದ ಭಾಗಿಸಿ ಪೆನ್ಸಿಲ್ ಕಚ್ಚಿಕೊಂಡು ಕೂತಳು. ಹತ್ತಿರ ಹತ್ತಿರ ಆರು ದಿನ. "ಅಂದ್ರೆ ಅಪ್ಪ ತಿಂಗಳಲ್ಲಿ ಆರು ದಿನ ದಾರಿಯಲ್ಲೇ ಇರ್ತಾನೆ. ನನಗೆ ಸಿಗೋದು ನಾಲ್ಕು ಭಾನುವಾರ" ಎಂದಳು. ನನ್ನ ಬಿ.ಕಾಂ. ವಿದ್ಯೆಯಲ್ಲಿ ಅದಕ್ಕೆ ತಪ್ಪು ಹುಡುಕಲು ಆಗಲಿಲ್ಲ.

ಸಮಾಧಾನಕ್ಕೆಂದು ಐರ್ಲೆಂಡಿನ ಕತೆ ಹೇಳಿದೆ. ನಮ್ಮ ಪರಿಚಯದ ಹುಡುಗಿಯೊಬ್ಬಳು ಅಲ್ಲಿನ ಪೋರ್ಟ್‌ಲೀಶ್ ಎಂಬ ಸಣ್ಣ ಊರಿನಲ್ಲಿದ್ದಾಳೆ. ಕೆಲಸ ಡಬ್ಲಿನ್ನಿನಲ್ಲಿ, ಸುಮಾರು 80 ಕಿಲೋಮೀಟರು. ಡಬ್ಲಿನ್ನಿನಲ್ಲಿ ಮನೆ ಬಾಡಿಗೆ ಕೈಗೆಟುಕುವುದಿಲ್ಲ, ಅದಕ್ಕೇ ಅಲ್ಲಿಯೂ ಸಣ್ಣ ಊರುಗಳ ಜನ ಕತ್ತಲಲ್ಲೇ ಎದ್ದು ರೈಲು ಹಿಡಿಯುತ್ತಾರಂತೆ. ಇನ್ನೊಂದು ಸಂಗತಿ. ಯುರೋಪಿನ ಹೆಚ್ಚಿನ ದೇಶಗಳಲ್ಲಿ ಎರಡು ಹಳಿಗಳ ನಡುವಿನ ಅಂತರ 1435 ಮಿಲಿಮೀಟರು. ಐರ್ಲೆಂಡಿನದು 1600. ನಮ್ಮದು 1676. ಅವರ ಹಳಿಗೂ ನಮ್ಮ ಹಳಿಗೂ ವ್ಯತ್ಯಾಸ ನಿಮ್ಮ ಸ್ಕೇಲಿನಲ್ಲಿ ಏಳೂವರೆ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮೊಮ್ಮಗಳು ಅಳೆದು ನೋಡಿದಳು. ಸಮಾಧಾನವೇನೂ ಆಗಲಿಲ್ಲ. "ನಾನೂ ಆ ರೈಲಿನಲ್ಲಿ ಹೋಗಬೇಕು. ಅಪ್ಪ ಅಷ್ಟು ಹೊತ್ತು ಏನು ಮಾಡ್ತಾನೆ ನೋಡಬೇಕು" ಎಂದು ಹಟ ಹಿಡಿದಳು.

ಮೇ ತಿಂಗಳ ರಜೆಯಲ್ಲಿ ಕರೆದುಕೊಂಡು ಹೋದೆ. ಬೈಕಿನಲ್ಲಿ ಮೂವರಾಗದು, ಹಿಂದಿನ ರಾತ್ರಿಯೇ ನಾವಿಬ್ಬರೂ ಕಾರವಾರದ ನೆಂಟರ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ಆಸ್ಪತ್ರೆಗೆ ಹೋಗುವ ನರ್ಸುಗಳು, ಅಂಗಡಿ ಹುಡುಗರು, ಹೋಟೆಲಿನವರು, ಕಾರ್ಖಾನೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡವರು. ಕನ್ನಡದಲ್ಲಿ ಶುರುವಾದ ಮಾತು ಕೊಂಕಣಿಯಲ್ಲಿ ಮುಗಿಯುತ್ತದೆ. ಎಲ್ಲರ ಹತ್ತಿರವೂ ತಿಂಗಳ ಪಾಸು. 150 ಕಿಲೋಮೀಟರಿನೊಳಗೆ ದಿನಾ ಓಡಾಡುವವರಿಗೆ ರೈಲ್ವೆ ಕೊಡುವ ಸೀಸನ್ ಟಿಕೆಟ್ ಅದು, ಬಿಡಿ ಟಿಕೆಟ್ಟಿಗಿಂತ ಬಹಳ ಅಗ್ಗ.

ನಾವು ಕೂತ ಸೀಟಿನಿಂದ ಒಬ್ಬರು ಮೆಲ್ಲಗೆ ಎಬ್ಬಿಸಿದರು. ಅದು ಅಸ್ನೋಟಿಯಲ್ಲಿ ಹತ್ತುವ ಒಬ್ಬರ ಜಾಗವಂತೆ. ಬರೆದಿಟ್ಟದ್ದೇನಿಲ್ಲ, ಆದರೂ ಎಲ್ಲರಿಗೂ ಗೊತ್ತು. ಗಾಡಿ ಹೊರಟು ಕಾಳಿ ನದಿಯ ಮೇಲೆ ಬಂತು. ನಾನು ಮೊಮ್ಮಗಳಿಗೆ ಕೆಳಗಿನ ನೀರು ತೋರಿಸಿದೆ. ನಾವು ಅಷ್ಟು ವರ್ಷ ಕಾದು ಪಡೆದ ಹೆದ್ದಾರಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಇದೇ ನದಿಗೆ ಕುಸಿದುಬಿತ್ತು. ಅದಕ್ಕೆ ಮೂರು ವಾರ ಮೊದಲು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿಯೂ ಮುಚ್ಚಿತು. ಆ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ.

"ಅಪ್ಪಾ, ನದಿ ನೋಡು" ಎಂದು ತಿರುಗಿದರೆ ಅಪ್ಪನಿಗೆ ಗಾಢ ನಿದ್ದೆ. ಬಾಯಿ ತುಸು ತೆರೆದಿತ್ತು. ಎದುರಿನ ನರ್ಸಮ್ಮ ನಕ್ಕು, "ಅವರು ಕಾಣಕೋಣದವರೆಗೆ ಏಳೋದಿಲ್ಲ. ನೀನು ಏಳನೇ ತರಗತಿಯ ಹುಡುಗಿ ಅಲ್ವಾ? ಗಣಿತದಲ್ಲಿ ನಲವತ್ತಾರು ಬಂತಂತೆ, ಪೇಡೆ ಹಂಚಿದರು" ಎಂದಳು. ಆಚೆ ಸೀಟಿನವರು ಅವಳ ಕಾಲಿನ ಗಾಯ ವಾಸಿಯಾಯಿತೇ ಎಂದು ಕೇಳಿದರು. ಇನ್ನೊಬ್ಬರಿಗೆ ಅವಳ ಬೆಕ್ಕಿನ ಹೆಸರೂ ಗೊತ್ತಿತ್ತು. ಮೊಮ್ಮಗಳು ನನ್ನ ಮುಖ ನೋಡಿದಳು. ಅಪ್ಪ ಆ ಹೊತ್ತನ್ನೆಲ್ಲ ಏನು ಮಾಡುತ್ತಾನೆಂದು ಅವಳಿಗೆ ಗೊತ್ತಾಗಿತ್ತು.

ಕಾಣಕೋಣ ಬಂದಾಗ ಎಚ್ಚರಾಗಿ ಡಬ್ಬಿ ಬಿಚ್ಚಿದ. ಹತ್ತು ಕೈ ಹತ್ತು ಕಡೆಯಿಂದ ಬಂದವು. ಮನೆಯಲ್ಲಿ ಮಾತೇ ಆಡದ ಮಗ ಅಲ್ಲಿ ಯಾರದೋ ನಕಲು ಮಾಡಿ ಎಲ್ಲರನ್ನೂ ನಗಿಸುತ್ತಿದ್ದ. ನಾನೂ ಅವನನ್ನು ಹಾಗೆ ನೋಡಿರಲಿಲ್ಲ.

ನಾವಿಬ್ಬರೂ ಮಡಗಾಂವದಲ್ಲಿ ಇಳಿದೆವು. ನಾನಿದ್ದ ಖೋಲಿಯ ಜಾಗದಲ್ಲಿ ಮೊಬೈಲ್ ಅಂಗಡಿಯಿತ್ತು. ಮಾರುಕಟ್ಟೆ ಸುತ್ತಿ, ಪಾವು ಕೊಂಡು, ಸಂಜೆಯ ಗಾಡಿಗೆ ಕಾದೆವು. ಮಗ ವೆರ್ಣಾದಲ್ಲಿ ಹತ್ತಿ ಎರಡು ಸೀಟು ಹಿಡಿದಿಟ್ಟಿದ್ದ. ನನಗೊಂದು, ಮಗಳಿಗೊಂದು. ಅವನು ಬಾಗಿಲ ಬಳಿ ನಿಂತೇ ಬಂದ.

ಈಚೆಗೆ ಯಾರೋ ವೆರ್ಣಾದ ಹತ್ತಿರ ಎರಡು ಖೋಲಿಯ ಮನೆಯೊಂದು ಖಾಲಿ ಇದೆ ಎಂದಿದ್ದಾರೆ. ಸೊಸೆ, ಮೊಮ್ಮಗಳನ್ನೂ ಕರೆದುಕೊಂಡು ಹೋಗಬಹುದು. ಶಾಲೆ ಬದಲಾಗುತ್ತದೆ, ಕನ್ನಡ ತಪ್ಪುತ್ತದೆ, ಇಲ್ಲಿ ನಾನು ಮತ್ತು ಅವನ ಆಯಿ ಇಬ್ಬರೇ. ಹೋಗು ಎಂದು ನಾನೇ ಹೇಳಿದೆ. ಮನಸ್ಸಿನಿಂದ ಹೇಳಿದೆನೋ ಇಲ್ಲವೋ ಅವನಿಗೆ ತಿಳಿದಿರಬೇಕು. "ಮಾರ್ಚ್ ಮುಗಿಯಲಿ, ನೋಡೋಣ" ಎಂದಿದ್ದಾನೆ.

ಆ ಸಂಜೆ ಬಾಳ್ಳಿ ದಾಟುವಷ್ಟರಲ್ಲಿ ಮೊಮ್ಮಗಳು ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ನನಗೂ ಯಾವಾಗ ಕಣ್ಣು ಹತ್ತಿತೋ. ಬೆಳಗಿನ ಅದೇ ನರ್ಸಮ್ಮ ನಮ್ಮಿಬ್ಬರನ್ನೂ ತಟ್ಟಿ ಎಬ್ಬಿಸಿದಳು. ಕಾರವಾರ ಬಂದಿತ್ತು.