ಹೊಸ ಕೀಟಕ್ಕೊಂದು ಹೆಸರು

ಮಲೆನಾಡಿನ ತೊರೆಯಲ್ಲಿ ಕಲ್ಲೊಂದನ್ನು ಮಗುಚಿ ನೋಡಿದರೆ, ಮರಳಿನ ಕಣಗಳಿಂದಲೋ ಕಡ್ಡಿಯ ಚೂರುಗಳಿಂದಲೋ ಕಟ್ಟಿದ ಪುಟ್ಟ ಕೊಳವೆಗಳು ಅದಕ್ಕೆ ಅಂಟಿಕೊಂಡಿರುವುದುಂಟು. ಅವು ಕ್ಯಾಡಿಸ್ ಎಂಬ ಕೀಟದ ಮರಿಗಳ ಮನೆಗಳು. ಮರಿಯು ಬಾಯಿಯಿಂದ ರೇಷ್ಮೆಯಂಥ ನೂಲನ್ನು ತೆಗೆದು, ಮರಳನ್ನು ಅದರಿಂದ ಬೆಸೆದು, ತನ್ನ ಮೈಗೆ ಕವಚವನ್ನು ಮಾಡಿಕೊಳ್ಳುತ್ತದೆ. ಬೆಳೆದ ಮೇಲೆ ರೆಕ್ಕೆ ಮೂಡಿ, ನೀರನ್ನು ಬಿಟ್ಟು ಹಾರುತ್ತದೆ. ಆಗ ಅದು ಪತಂಗದಂತೆ ತೋರಿದರೂ ಅದರ ರೆಕ್ಕೆಯ ಮೇಲಿರುವುದು ಹುಡಿಯಲ್ಲ, ನವುರಾದ ರೋಮ. ಈ ಬಳಗದಲ್ಲಿ 15,000ಕ್ಕೂ ಮಿಕ್ಕಿದ ಪ್ರಭೇದಗಳನ್ನು ವಿದ್ವಾಂಸರು ಈಗಾಗಲೇ ಗುರುತಿಸಿದ್ದಾರೆ.

ಹೀಗಿರುವಾಗ, ಕೈಗೆ ಸಿಕ್ಕಿದ ಕೀಟವು ಹೊಸ ಪ್ರಭೇದವೆಂದು ಹೇಳುವುದೆಂತು? ಯುರೋಪಿನ ಕೊಸೊವೊದಲ್ಲಿ ನಡೆದ ಸಂಗತಿಯೊಂದರಿಂದ ಇದನ್ನು ವಿವರಿಸಲೆಳಸುತ್ತೇವೆ.

ಅಲ್ಲಿನ 'ಶಾಪಗ್ರಸ್ತ ಪರ್ವತಗಳು' ಎಂಬ ಹೆಸರಿನ ರಾಷ್ಟ್ರೀಯ ಉದ್ಯಾನದಲ್ಲಿ, ದೆಚಾನ್ ಹೊಳೆಯ ಜಲಾನಯನ ಪ್ರದೇಶದಲ್ಲಿ, ಪ್ರಿಷ್ಟಿನಾ ವಿಶ್ವವಿದ್ಯಾನಿಲಯದ ಹಲೀಲ್ ಇಬ್ರಾಹೀಮಿ ಮತ್ತು ಅವರ ಸಂಗಡಿಗರು ಕೆಲವು ಕ್ಯಾಡಿಸ್ ಕೀಟಗಳನ್ನು ಸಂಗ್ರಹಿಸಿದ್ದರು. ಅವು ಪೊಟಾಮೊಫೈಲಾಕ್ಸ್ ಕುಲಕ್ಕೆ ಸೇರಿದವು. ಗ್ರೀಕ್ ಭಾಷೆಯಲ್ಲಿ ಇದಕ್ಕೆ 'ಹೊಳೆಯ ಕಾವಲುಗಾರ' ಎಂದರ್ಥ. ಈ ಕುಲದ ಕೀಟಗಳು ಮೈಬಣ್ಣದಲ್ಲಿಯೂ ರೆಕ್ಕೆಯಲ್ಲಿಯೂ ಒಂದನ್ನೊಂದು ಹೋಲುತ್ತವೆ. ಆದ್ದರಿಂದ ಪರೀಕ್ಷಕರು ನೋಡುವುದು ಗಂಡುಕೀಟದ ಉದರದ ತುದಿಯ ಅವಯವಗಳನ್ನು. ಸೂಕ್ಷ್ಮದರ್ಶಕದಲ್ಲಿ ಅವುಗಳ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿ ಕಾಣುವುದು. ಇದರ ಜತೆಗೆ ಜೀವಕಣದ ಡಿ.ಎನ್.ಎ.ಯನ್ನೂ ಹೋಲಿಸಿ ನೋಡಿದರು.

ವ್ಯತ್ಯಾಸವನ್ನು ಕಂಡಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಪ್ರಾಣಿನಾಮಗಳ ಅಂತರರಾಷ್ಟ್ರೀಯ ನಿಯಮದಂತೆ, ಹೊಸ ಪ್ರಭೇದವು ಬಂಧುಗಳಿಂದ ಯಾವುದರಲ್ಲಿ ಭಿನ್ನವೆಂಬುದನ್ನು ಮಾತುಗಳಲ್ಲಿ ಬರೆದು ಪ್ರಕಟಿಸಬೇಕು, ಚಿತ್ರವೊಂದೇ ಸಾಲದು. ಮಾದರಿಯೆಂದು ಒಂದು ಕೀಟವನ್ನು ಗೊತ್ತುಮಾಡಬೇಕು. ಮುಂದೆ ಸಂದೇಹ ಬಂದವರು ಅದನ್ನೇ ನೋಡತಕ್ಕದ್ದು. ಹೆಸರು ರೋಮನ್ ಲಿಪಿಯಲ್ಲಿರಬೇಕು. ವಿವರಣೆಯ ಭಾಷೆಗೆ ಮಾತ್ರ ಕಟ್ಟಿಲ್ಲ! ಬಹುಜನ ಓದಬಲ್ಲ ಭಾಷೆಯಿರಲಿ ಎಂಬುದು ಸಲಹೆ. ಕನ್ನಡದಲ್ಲಿ ಬರೆದರೂ ನಿಯಮಕ್ಕೆ ಭಂಗವಿಲ್ಲ. ಕನ್ನಡ ಶಾಲೆಯಲ್ಲಿ ಓದಿದವನಿಗೆ ವಿಜ್ಞಾನ ದಕ್ಕೀತೇ ಎಂದು ನಮ್ಮನ್ನು ಕೇಳುವ ಪೋಷಕರ ಗಮನಕ್ಕೆ ಇದನ್ನು ತರುತ್ತಿದ್ದೇವೆ. ಕಂಡದ್ದನ್ನು ತಪ್ಪಿಲ್ಲದೆ ಮಾತಿನಲ್ಲಿ ಹೇಳುವ ಈ ಅಭ್ಯಾಸ ಮೊದಲು ಕೂಡುವುದು ತಾಯ್ನುಡಿಯಲ್ಲಿಯೇ.

ಕೊಸೊವೊದ ಕೀಟದ ವಿವರಣೆ 2021ರಲ್ಲಿ ಪ್ರಕಟವಾಯಿತು. ಅದನ್ನು ಸಿದ್ಧಪಡಿಸುವಾಗ ಜಗತ್ತೆಲ್ಲ ಮಹಾಮಾರಿಯ ಹಾವಳಿಯಲ್ಲಿತ್ತು. ವಿದ್ವಾಂಸರು ಅದಕ್ಕಿಟ್ಟ ಹೆಸರು 'ಪೊಟಾಮೊಫೈಲಾಕ್ಸ್ ಕೊರೊನಾವೈರಸ್'. ನಗೆ ಬರಬಹುದು, ಅವರ ಮನಸ್ಸಿನಲ್ಲಿದ್ದುದು ನಗೆಯಲ್ಲ. ಮನುಷ್ಯರಿಗೆ ಬಂದಂಥ ಪಿಡುಗೇ ಹೊಳೆಯ ಜೀವಿಗಳಿಗೂ ಸದ್ದಿಲ್ಲದೆ ಬಂದಿದೆಯೆಂದು ಅವರು ಬರೆದರು. ಕೊಳಕು ಅದರ ಒಂದು ಕಾರಣ. ಹತೋಟಿಯಿಲ್ಲದ ಜಲವಿದ್ಯುತ್ ಕೇಂದ್ರಗಳು ಇನ್ನೊಂದು. ಇಂಥ ಕೇಂದ್ರಗಳು ಹೊಳೆಯ ನೀರನ್ನು ಕೊಳವೆಯೊಳಕ್ಕೆ ತಿರುಗಿಸಿ, ಬಹುದೂರ ಕೆಳಗೆ ಬಿಡುತ್ತವೆ. ನಡುವಿನ ಪಾತ್ರದಲ್ಲಿ ನೀರು ಬತ್ತುತ್ತದೆ. ರೆಕ್ಕೆ ಬಂದ ಕೀಟ ಹಾರಿ ಹೋಗಬಲ್ಲದು. ಮರಳಿನ ಮನೆಯೊಳಗಿನ ಮರಿಗೆ ಹೋಗಲು ಬೇರೆ ಎಡೆಯಿಲ್ಲ.