ತಲಪಾಡಿ ದಾಟುವ ಜಾಹೀರಾತು

ಕೇರಳ 2012ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿತು, ಕರ್ನಾಟಕ ಮರುವರ್ಷದ ಮೇ ಕೊನೆಗೆ. ನಡುವಿನ ಒಂದು ವರ್ಷ, ಕೇರಳದ ಮಂಜೇಶ್ವರದಲ್ಲಿ ಮಾರಬಾರದ ಪೊಟ್ಟಣವನ್ನು ತಲಪಾಡಿ ಗಡಿಯಾಚೆ ಕರ್ನಾಟಕದಲ್ಲಿ ಮಾರಲು ಅಡ್ಡಿಯಿರಲಿಲ್ಲ. ಈಗ ಎರಡೂ ಕಡೆ ನಿಷೇಧವಿದೆ. ಆದರೆ ಗುಟ್ಕಾದ ಜೊತೆ ಮನೆಮಾತಾದ ಹೆಸರುಗಳು ಅದೇ ಬಣ್ಣ, ಅದೇ ಅಕ್ಷರದಲ್ಲಿ ಏಲಕ್ಕಿಯೆಂದೋ ಪಾನ್ ಮಸಾಲವೆಂದೋ ಕ್ರಿಕೆಟ್ ಪಂದ್ಯದ ನಡುವೆ ಟಿ.ವಿ.ಗೆ ಬರುತ್ತವೆ. ಪೊಟ್ಟಣವನ್ನು ಚೆಕ್‌ಪೋಸ್ಟಿನಲ್ಲಿ ಹಿಡಿಯಬಹುದು, ಜಾಹೀರಾತನ್ನು ಹಿಡಿಯಲಾಗದು. ಹಾಗಾಗಿ ನಿಷೇಧ ಬರೀ ಸರಕಿಗಲ್ಲ, ಬ್ರ್ಯಾಂಡಿನ ಹೆಸರಿಗೇ ತಾಗಬೇಕು, ಅದನ್ನು ಕೇಂದ್ರ ಸರಕಾರವೇ ಜಾರಿಮಾಡಬೇಕು.

ಹೊಗೆಸೊಪ್ಪು ಬೆರೆಸದ ಪಾನ್ ಮಸಾಲದಲ್ಲಿ ಅಪಾಯವೇನು ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯ ಅರೆಕೊಲಿನ್ ಕೆನ್ನೆಯ ಒಳಚರ್ಮದ ಕೋಶಗಳನ್ನು ಕೆರಳಿಸಿ ಕೊಲಾಜನ್ ನಾರು ಹೆಚ್ಚಿಸುತ್ತದೆ. ಅಡಿಕೆಯಲ್ಲಿರುವ ತಾಮ್ರ ಆ ನಾರುಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಮೆತ್ತಗಿದ್ದ ಕೆನ್ನೆ ಬಿಳಿಚಿ, ಹಗ್ಗದಂತೆ ಬಿಗಿಯುತ್ತದೆ. ಮೂರು ಬೆರಳು ಒಟ್ಟಿಗೆ ಒಳಹೋಗುತ್ತಿದ್ದ ಬಾಯಿಗೆ ಕೊನೆಗೆ ಒಂದು ಬೆರಳೂ ಹಿಡಿಸದು, ಖಾರ ತಾಳದು. ಜಗಿಯುವುದು ಬಿಟ್ಟರೂ ಆ ಬಿಗಿತ ಪೂರ್ತಿ ಸಡಿಲವಾಗುವುದಿಲ್ಲ. ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ.

ಜಾಹೀರಾತು ನಿಲ್ಲಿಸಿದರೆ ಬಳಕೆ ಇಳಿಯುತ್ತದೆಯೇ? ಹೆನ್ರಿ ಸ್ಯಾಫರ್, ಫ್ರಾಂಕ್ ಚಲೂಪ್ಕಾ ಎಂಬ ಅರ್ಥಶಾಸ್ತ್ರಜ್ಞರು 22 ದೇಶಗಳ 1970ರಿಂದ 1992ರವರೆಗಿನ ತಂಬಾಕು ಬಳಕೆಯನ್ನು ಪರಿಶೀಲಿಸಿದರು. ಪೂರ್ಣ ನಿಷೇಧವಿದ್ದಲ್ಲಿ ಬಳಕೆ ಇಳಿದಿತ್ತು. ಅರೆಬರೆ ನಿಷೇಧವಿದ್ದಲ್ಲಿ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಒಂದು ಬಾಗಿಲು ಮುಚ್ಚಿದರೆ ಹಣ ಇನ್ನೊಂದು ಬಾಗಿಲಿಂದ ನುಗ್ಗುತ್ತದೆ. ನಮ್ಮ ಏಲಕ್ಕಿ ಜಾಹೀರಾತು ಅಂಥ ಬಾಗಿಲು. ಇಂಥ ಬದಲಿ ಜಾಹೀರಾತು ಕೂಡದೆಂದು ಕೇಂದ್ರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಕಟ್ಟುನಿಟ್ಟಾಗಿ ಅನ್ವಯಿಸುವುದು ಬಾಕಿ. ವಯಸ್ಕರ ಆಯ್ಕೆಯ ಸ್ವಾತಂತ್ರ್ಯಕ್ಕೆ ಇದರಿಂದ ಧಕ್ಕೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಜಾಹೀರಾತು ನೋಡುವವರಲ್ಲಿ ಹತ್ತು ವರ್ಷದ ಮಕ್ಕಳೂ ಇದ್ದಾರೆ.

ನಿಜಕ್ಕೂ ಭಾರವಾದ ಆಕ್ಷೇಪ ಇದೇ ಗಡಿನಾಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಅಡಿಕೆ ಕೃಷಿಕರ ಅಂಗಳಗಳದ್ದು. ಅಲ್ಲಿ ಒಣಗುವ ಚಾಲಿ ಅಡಿಕೆಗೆ ಪಾನ್ ಮಸಾಲ ಕಾರ್ಖಾನೆಗಳು ದೊಡ್ಡ ಗಿರಾಕಿ. ಆದರೆ ಜಾಹೀರಾತು ನಿಷೇಧ ಮಾರುಕಟ್ಟೆಯನ್ನು ರಾತ್ರೋರಾತ್ರಿ ಮುರಿಯುವುದಿಲ್ಲ. ಹೊಸಬರು ಚಟಕ್ಕೆ ಸೇರುವುದನ್ನು ನಿಧಾನವಾಗಿ ಕಡಿಮೆ ಮಾಡುತ್ತದೆ. ಪಕ್ಕದ ಕಣ್ಣೂರಿನಲ್ಲಿ 1969ರಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರ ಸಂಘ, ಬೀಡಿಯ ಬೇಡಿಕೆ ತಗ್ಗಿದಾಗ ಕೊಡೆ, ತೆಂಗಿನ ಹಾಲುಗಳ ತಯಾರಿಕೆಗೆ ಹೊರಳಿತು. ಅಡಿಕೆ ಕೃಷಿಕರಿಗೂ ಹಾಗೆ ಹೊರಳಲು ಸಮಯವಿದೆ. ಇಂದು ನೆಟ್ಟ ಅಡಿಕೆ ಸಸಿ ಫಲ ಬಿಡಲು ಐದಾರು ವರ್ಷ ಬೇಕು. ಮುಂದಿನ ಸಸಿ ಯಾವುದೆಂದು ಕೃಷಿಕರು ಯೋಚಿಸಲು ಬೇಕಾದ ಬಿಡುವೂ ಹೆಚ್ಚುಕಡಿಮೆ ಅಷ್ಟೇ.